ಅರಿಶಿನ ಹಚ್ಚಿದ ಹಲಗೆ

ಟಪ್ ಎಂದು ಒಂದೇ ಸಲ. ಕಾನ್ವೆಂಟಿನಲ್ಲಿ ಸಿಸ್ಟರ್ ಬೋರ್ಡಿನ ಮೇಲೆ ಒತ್ತಿ ಬರೆಯುವಾಗ ಚಾಕ್ ಮುರಿದಂಥ ಸದ್ದು, ಆದರೆ ಅದಕ್ಕಿಂತ ದೊಡ್ಡದು. ಹಿಂದೆಯೇ ಕಾರಿನ ಬಾನೆಟ್ ಮೇಲೆ ಏನೋ ಭಾರವಾದದ್ದು ಬಿತ್ತು. ಕಾಕಾ ಕೂಗಲಿಲ್ಲ. ಕೂಗಲು ಟೈಮೇ ಸಿಕ್ಕಿರಲಿಲ್ಲ.

ಅರವತ್ತರ ದಶಕದ ಆರಂಭ. ಇಚಲಕರಂಜಿಯಲ್ಲಿ ನಮ್ಮ ಮಗ್ಗಗಳಿದ್ದವು. ಮನೆಯ ಹಿಂದೆ ಅಪ್ಪನ ಸೆಕೆಂಡ್‌ಹ್ಯಾಂಡ್ ಕಾರಿಗೊಂದು ಗ್ಯಾರೇಜು, ಅದಕ್ಕೆ ಆಸ್ಬೆಸ್ಟಾಸ್ ಸಿಮೆಂಟಿನ ಶೀಟು. ನಾವು ಪತ್ರಾ ಎನ್ನುತ್ತಿದ್ದೆವು. ಹಳೆಯದಾಗಿ, ಪಾಚಿ ಹಿಡಿದು, ಅಲ್ಲಲ್ಲಿ ಸೀಳಿತ್ತು. ನಾನು ಕೊಲ್ಹಾಪುರದ ಬೋರ್ಡಿಂಗಿನಿಂದ ಮೇ ರಜೆಗೆ ಬರುವ ಹೊತ್ತಿಗೆ ಅಪ್ಪನ ತಮ್ಮ, ನಮ್ಮ ಕಾಕಾ, ಅದರ ಮೇಲೆ ಹತ್ತಿ ಸೀಳಿಗೆ ಡಾಂಬರು ಬಳಿದು, ಮಗ್ಗದ ಅರಿವೆಯ ಪಟ್ಟಿ ಅಂಟಿಸುತ್ತಿದ್ದ.

ಅವನಿಗೆ ಎರಡು ಉದ್ದನೆಯ ಹಲಗೆಗಳಿದ್ದವು. ಬರೀ ಪತ್ರಾ ಮನುಷ್ಯನ ಭಾರ ತಡೆಯದು. ಬೋಲ್ಟುಗಳ ಸಾಲಿನ ಕೆಳಗೆ ಮಾತ್ರ ತೊಲೆ ಇರುತ್ತದೆ. ಒಂದು ಸಾಲಿನಿಂದ ಇನ್ನೊಂದಕ್ಕೆ ಮುಟ್ಟುವಂತೆ ಹಲಗೆ ಹಾಸಿ, ಒಂದರ ಮೇಲೆ ಕೂತು ಇನ್ನೊಂದನ್ನು ಮುಂದೆ ಸರಿಸಿಕೊಳ್ಳಬೇಕು. ಕೆಳಗೆ ಏಣಿ ಹಿಡಿದು ನಿಂತ ನನಗೆ, "ಮೇಡಮ್, ಬೋಲ್ಟ್ ಬಿಟ್ಟ ಕಾಲ ಇಟ್ರ ಸೀದಾ ಕೈಲಾಸ ನೋಡ್ರಿ" ಎಂದು ನಗುತ್ತಿದ್ದ.

ಆ ವರ್ಷ ಗಡಹಿಂಗ್ಲಜದ ಹುಡುಗಿಯೊಂದಿಗೆ ಅವನ ಮದುವೆ ಗೊತ್ತಾಗಿತ್ತು. ನಮ್ಮ ಅಜ್ಜಿ, ನಾವು ಆಯಿ ಎನ್ನುತ್ತಿದ್ದೆವು, ಮದುವೆಯ ಶ್ಯಾವಿಗೆ ಹೊಸೆಯಲು ಉದ್ದನೆಯ ಹಲಗೆ ಬೇಕೆಂದು ಅವನ ಒಂದು ಹಲಗೆಯನ್ನು ತಿಕ್ಕಿ ತೊಳೆಸಿ, ಅರಿಶಿನ ಕುಂಕುಮ ಹಚ್ಚಿ, ಮುತ್ತೈದೆಯರಿಂದ ಪೂಜೆ ಮಾಡಿಸಿಬಿಟ್ಟಳು.

"ಯವ್ವಾ, ನನ್ನ ಹಲಗಿ ಕೊಡು. ಮಳಿ ಬರೂದರಾಗ ಪತ್ರಾ ಮುಗಸಬೇಕು."

"ಪೂಜಿ ಆದ ಹಲಗೀ ಮ್ಯಾಲೆ ಕಾಲ ಇಡ್ತೀ ಏನೋ? ಮದಿವಿ ನಿಂದ ಐತಿ, ನೆನಪೈತಿಲ್ಲೊ?"

"ಮದಿವಿಗೆ ನಾನೂ ಇರಬೇಕಲ್ಲಬೇ!"

"ಬಿಡ್ತು ಅನ್ನು! ಒಂದ ಹಲಗೀಲೇ ಮಾಡು. ಏನ್ ಗುಡ್ಡಾ ಹತ್ತಾಕತ್ತೀ?"

ಕಟ್ಟಿಗೆಯ ವಖಾರಿಯಿಂದ ಇನ್ನೊಂದು ಹಲಗೆ ತರಿಸಬಹುದಿತ್ತು. ಕಾಕಾ ಕೇಳಿಯೂ ಕೇಳಿದ. ಅಪ್ಪ ಪೇಪರಿನಿಂದ ತಲೆ ಎತ್ತದೆ, "ಒಂದ ತಾಸಿನ ಕೆಲಸಕ್ಕ ಯಾಕಪಾ ಹಲಗಿ? ಲಗೂನ ಮುಗಸು, ಕಾರ್ ನೆನೀತೈತಿ" ಅಂದರು.

ಇರುವ ಒಂದೇ ಹಲಗೆಯನ್ನು ಸರಿಸಬೇಕಾದರೆ ಅದರಿಂದ ಬರೀ ಪತ್ರಾ ಮೇಲೆ ಇಳಿಯಲೇಬೇಕು. ಕಾಕಾ ಇಳಿದ.

ಸೊಂಟ ಮುರಿಯಿತು. ಕೊಲ್ಹಾಪುರದ ಆಸ್ಪತ್ರೆಯಿಂದ ಬರುವಾಗ ಒಂದು ಕಾಲು ಗಿಡ್ಡಾಗಿತ್ತು. ಗಡಹಿಂಗ್ಲಜದವರು ಬಂದರು, ಚಹಾ ಕುಡಿದರು, ಕಾಕಾನ ಕಾಲಿನ ಕಡೆ ಎಲ್ಲರೂ ಒಂದೊಂದು ಸಲ ನೋಡಿದರು. "ಹುಡುಗಿ ಇನ್ನೂ ಸಣ್ಣಾಕಿ ಅದಾಳ್ರಿ" ಎಂದರು. ಆಯಿ "ಹೌದ್ರಿ" ಅಂದಳು. ಅಷ್ಟೇ. ಸೋ ಪೊಲೈಟ್, ಎಲ್ಲರೂ. ಆ ಮಳೆಗಾಲವಿಡೀ, ನಾನು ಬೋರ್ಡಿಂಗಿನಿಂದ ಬಂದಾಗಲೆಲ್ಲ, ಮದುವೆಯ ಶ್ಯಾವಿಗೆಯನ್ನು ಹಾಲು ಬೆಲ್ಲ ಹಾಕಿ ನಾವೇ ತಿಂದೆವು. ಕಾಕಾನಿಗೂ ಬಡಿಸಿದರು.

ಒಡೆದ ಪತ್ರಾ ಬದಲಿಸಲು ಗೌಂಡಿ ಬಂದು, ಇನ್ನೊಂದು ಹಲಗೆ ಬೇಕೆಂದ. ಆಯಿ ತಾನೇ ಒಳಗಿನಿಂದ ಅದನ್ನು ಎಳೆದು ತಂದಳು; ಅಂಚಿನಲ್ಲಿ ಅರಿಶಿನ ಇನ್ನೂ ಇತ್ತು. "ಮದಿವೀನ ಇಲ್ಲಂದ್ಮ್ಯಾಲೆ ಅದೇನ್ ದೇವರ ಹಲಗಿ? ತಗೋಪಾ" ಅಂದಳು. ಗೌಂಡಿ ಚಪ್ಪಲಿ ಕಾಲಿನಲ್ಲೇ ಅದರ ಮೇಲೆ ನಿಂತ. ಪಡಸಾಲೆಯ ಕಾಟ್ ಮೇಲೆ ಮಲಗಿದ್ದ ಕಾಕಾ ಗೋಡೆಯ ಕಡೆ ಹೊರಳಿದ.

ಫರ್ಗಿವ್ ಆ್ಯಂಡ್ ಫರ್ಗೆಟ್ ಎಂದು ಸಿಸ್ಟರ್ ಕಲಿಸಿದ್ದರು. ಈ ವಯಸ್ಸಿನಲ್ಲೂ ಎರಡೂ ನನ್ನಿಂದ ಆಗಿಲ್ಲ.

ಕೆಲವು ವರ್ಷಗಳ ಮೇಲೆ ನನ್ನ ಮದುವೆಯಾಯಿತು. ಗಂಡನ ಮನೆಗೆ ಹೊರಟ ದಿನ ಕಾಕಾ ಕೋಲೂರುತ್ತ ಹಾತಕಣಂಗಲೆ ಸ್ಟೇಷನ್ನಿಗೆ ಬಂದ. ಕಿಟಕಿಯಲ್ಲಿ ನನ್ನ ಕೈ ಹಿಡಿದು, "ಮೇಡಮ್, ಲೆಟರ್ ಬರೀರಿ, ಇಂಗ್ಲೀಷಿನ್ಯಾಗ ಬ್ಯಾಡ ಮತ್ತ" ಅಂದ. ಗಾರ್ಡ್ ಸೀಟಿ ಊದಿದಾಗ ಅವನ ಕಣ್ಣು ಬೇರೆ ಕಡೆ ಹೋಯಿತು. ಗೂಡ್ಸ್ ಶೆಡ್ಡಿನ ಪತ್ರಾ ಮೇಲೆ ಯಾವನೋ ಹಲಗೆಯಿಲ್ಲದೆ ಓಡಾಡುತ್ತಿದ್ದ. ಕಾಕಾ ನನ್ನ ಕೈ ಬಿಟ್ಟ. ಗಾಡಿ ಹೊರಟಿತು. ನಾನು ಕರೆದೆ. ಅವನು ಕುಂಟುತ್ತ ಶೆಡ್ಡಿನ ಕಡೆ ಓಡುತ್ತಿದ್ದ, ಕೋಲು ಮೇಲೆತ್ತಿ ಕೂಗುತ್ತ: "ಬೋಲ್ಟಿನ ಮ್ಯಾಲೆ! ಏ ತಮ್ಮಾ, ಬೋಲ್ಟಿನ ಮ್ಯಾಲೆ ಕಾಲ ಇಡೋ!"