ಒಡೆಯದ ಕಲ್ಲನ್ನೂ ಎಣಿಸ್ರಿ

ನಾನು ಮೆಟ್ರಿಕ್ ಫೇಲು. ಆದರೆ ಲೆಕ್ಕದಲ್ಲಲ್ಲ, ಅದನ್ನು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ. ಮದುವೆಯಾಗಿ ಶಹಾಬಾದಿಗೆ ಬಂದವಳು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಅಡ್ಡೆಯಲ್ಲಿ ಕೂಲಿಗೆ ನಿಂತೆ. ಪಾಲಿಶ್ ಆದ ಕಲ್ಲನ್ನು ತಲೆಯ ಮೇಲೆ ಹೊತ್ತು ಲಾರಿಗೆ ಮುಟ್ಟಿಸುವುದು ನಮ್ಮ ಹೆಂಗಸರ ಕೆಲಸ. ಗಂಡಸರು ಪಾಲಿಶ್ ಮಾಡುತ್ತ, ಬಿಡುವಾದರೆ ಒಂದಿಷ್ಟು ಕಲ್ಲು ಹೊರುವರು. ಹೊರುವ ಮುಂಚೆ ಅಂಚಿಗೆ ಇದ್ದಿಲಿನಿಂದ ಗುರುತು ಹಾಕಬೇಕು: ನಮ್ಮದು ಗೆರೆ, ಅವರದು ಸೊನ್ನೆ.

ಒಂದು ಶನಿವಾರ ಕೂಲಿಗಳ ಮೇಲ್ವಿಚಾರಣೆಯ ಮುಕಾದಮ, ಆ ದಿನ ಹೊರುವಾಗ ಒಡೆದ ಕಲ್ಲಿನ ಗುಂಪಿ ಕೆದಕಿ ಮಾಲೀಕರನ್ನು ಕರೆದ.

"ನೋಡ್ರಿ ಸಾವ್ಕಾರ್ರ, ಒಡದದ್ದು ಹನ್ನೆರಡು. ಅದರಾಗ ಎಂಟು ಹೆಣ್ಮಕ್ಕಳವು!"

ಮಾಲೀಕರು ಸೋಮವಾರದಿಂದ ಹೆಣ್ಣಾಳು ಬೇಡ ಎಂದುಬಿಟ್ಟರು. ನನಗೆ ಸಿಟ್ಟು ಬಂತು. ಮನೆಯಲ್ಲಿ ಇಬ್ಬರು ಮಕ್ಕಳು, ದುಡಿಯುವವಳು ನಾನೊಬ್ಬಳೇ.

"ತಡೀರಿ!" ಅಂದೆ.

ಲಾರಿಯಲ್ಲಿ ಆ ದಿನ ಹೊತ್ತ ಕಲ್ಲುಗಳನ್ನು ಅಂಚು ಹೊರಗೆ ಮಾಡಿ ನಿಲ್ಲಿಸಿದ್ದರು. ಎಲ್ಲರೆದುರು ಎಣಿಸಿದೆ. ಗೆರೆಯವು ಎಪ್ಪತ್ತೆರಡು, ಸೊನ್ನೆಯವು ಹದಿನಾರು. ಆಮೇಲೆ ಒಂದು ಫರಸಿಯ ಮೇಲೆ ಇದ್ದಿಲಿನಿಂದ ನಾಲ್ಕು ಮನೆ ಬರೆದೆ. ಮೇಲಿನ ಸಾಲು ಹೆಂಗಸರದು: ಒಡೆದದ್ದು ಎಂಟು, ಉಳಿದದ್ದು ಎಪ್ಪತ್ತೆರಡು. ಕೆಳಗಿನದು ಗಂಡಸರದು: ನಾಲ್ಕು, ಹದಿನಾರು.

"ಈಗ ಸಾಲು ಹಿಡದು ಓದ್ರಿ ಸಾವ್ಕಾರ್ರ. ನಾವು ಹೊತ್ತದ್ದು ಎಂಬತ್ತು, ಒಡದದ್ದು ಎಂಟು. ಹತ್ತಕ್ಕ ಒಂದು. ಅವರು ಹೊತ್ತದ್ದು ಇಪ್ಪತ್ತು, ಒಡದದ್ದು ನಾಕು. ಐದಕ್ಕ ಒಂದು. ಯಾರ ಕೈ ಜಾಸ್ತಿ ಜಾರಾಕತ್ತದ, ನೀವ ಹೇಳ್ರಿ."

ಮುಕಾದಮ ಎಂಟರ ಮೇಲೆ ಬೆರಳಿಟ್ಟ.

"ಏನಂದರೂ ಎಂಟು ನಾಕಕ್ಕಿಂತ ಹೆಚ್ಚು ಹೌದಿಲ್ಲೋ?"

"ಹೌದಣ್ಣಾ, ಭಾಳ ಹೊತ್ತೀವಿ, ಅದಕ್ಕ ಹೆಚ್ಚು! ಒಡದದ್ದರಾಗ ಹೆಂಗಸರವು ಎಷ್ಟು ಅಂತ ನೋಡಿದಿ. ಹೆಂಗಸರು ಹೊತ್ತದ್ದರಾಗ ಒಡದದ್ದು ಎಷ್ಟು ಅಂತ ನೋಡಬೇಕಿತ್ತು. ಒಡದ ಗುಂಪಿ ಮುಂದ ಕುಂತು ನಮ್ಮ ಹಣೇಬಾರ ಬರೀತೀಯೇನು?"

ಮಾಲೀಕರು ಆ ನಾಲ್ಕು ಮನೆಗಳನ್ನು ತಾವೇ ಸಾಲು ಹಿಡಿದು ಓದಿದರು. ಕೊನೆಗೆ ನಕ್ಕು, "ಲೆಕ್ಕ ಖರೆ ಅದ, ತಂಗಿ. ಹಂಗಾದ್ರ ಗಂಡಾಳನ್ನ ಬಿಡಸ್ಲೇನು?" ಎಂದರು.

ಗಂಡಸರ ಮುಖ ಸಪ್ಪಗಾಯಿತು. ನನಗೆ ಮತ್ತೂ ಸಿಟ್ಟು ಬಂತು.

"ಯಾರನ್ನೂ ಬಿಡಸಬ್ಯಾಡ್ರಿ. ಇಪ್ಪತ್ತು ಕಲ್ಲು ನೋಡಿ ಯಾರ ಅನ್ನಾನೂ ಕಸೀಬಾರದು, ಅಷ್ಟರಾಗ ಒಂದೆರಡು ಸುಮ್ನ ಹೆಚ್ಚುಕಮ್ಮಿ ಆಗತಾವ. ಮೊದಲ ಅವರೂ ನಮ್ಮಂಗ ಎಂಬತ್ತು ಹೊರಲಿ, ಆಮ್ಯಾಲ ಮಾತಾಡೂಣು."