ಒಲ್ಲೆಗೊಂದು ಪ್ರಾಸ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಕಲ್ಯಾಣಮಂಟಪಗಳಲ್ಲಿ, ಆರತಕ್ಷತೆಯ ಸಂಜೆ ಹಾಡುವುದು ನನ್ನ ಕಸುಬು. ನಮ್ಮ ಆರ್ಕೆಸ್ಟ್ರಾದಲ್ಲಿ ಹೆಣ್ಣುದನಿ ಅಂತ ಇರುವವಳು ನಾನೊಬ್ಬಳೇ. ಕೂದಲು ನರೆತಿದೆ. ಮೈಕ್ ಮುಂದೆ ನಿಂತರೆ ಮೊದಲು ಸೊಂಟ ನೋಯುತ್ತದೆ, ಆಮೇಲೆ ದನಿ ಏಳುತ್ತದೆ.

ಇಷ್ಟು ವರ್ಷಗಳಲ್ಲಿ ನಾನು ಬಳ್ಳಿಯಾಗಿದ್ದೇನೆ, ಮೊಗ್ಗಾಗಿದ್ದೇನೆ, ಹಣತೆಯಾಗಿದ್ದೇನೆ, ಗೊಂಬೆಯಾಗಿದ್ದೇನೆ. ಪಕ್ಕದಲ್ಲಿ ನಿಂತು ಹಾಡುವವನು ದುಂಬಿ, ಗಾಳಿ, ಹೊಳೆ. ಅವನ ಹೋಲಿಕೆಗಳೆಲ್ಲ ಓಡಾಡುತ್ತವೆ. ನನ್ನವು ಇದ್ದಲ್ಲೇ ಇದ್ದು ಯಾರಾದರೂ ಬರಲಿ ಎಂದು ಕಾಯುತ್ತವೆ. ಮೊದಮೊದಲು ಇದು ಗಮನಕ್ಕೆ ಬಂದಿರಲಿಲ್ಲ. ಒಂದೇ ಸಾಲನ್ನು ಸಾವಿರ ಸಲ ಹಾಡಿದರೆ ರಾಗ ಸವೆದುಹೋಗಿ ಮಾತು ಮಾತ್ರ ನಾಲಿಗೆಗೆ ತಗಲುತ್ತದೆ. ಅದರಲ್ಲೂ ಒಂದು ಯುಗಳಗೀತೆ. ನಾನು ‘ಒಲ್ಲೆ’ ಅನ್ನಬೇಕು, ಅವನು ‘ಬಲ್ಲೆ’ ಅಂತ ಮುಗಿಸಬೇಕು. ಹೆಣ್ಣು ಬೇಡ ಅಂದದ್ದು ಗಂಡಿನ ಸಾಲಿಗೊಂದು ಪ್ರಾಸ, ಅಷ್ಟೆ. ಅವಳ ಮನಸ್ಸು ಅವಳಿಗಿಂತ ಅವನಿಗೇ ಚೆನ್ನಾಗಿ ಗೊತ್ತು.

ಹೋದ ವರ್ಷ ಮದ್ದೂರಿನಲ್ಲಿ ಒಂದು ಆರತಕ್ಷತೆ. ಜೊತೆಗಾರನ ಗಂಟಲು ಕಟ್ಟಿತ್ತು. ಕೀಬೋರ್ಡ್ ನುಡಿಸುವವನೇ ನಮ್ಮ ತಂಡ ನಡೆಸುವವನು.

“ಅಕ್ಕಾ, ಎಲ್ಡೂ ಭಾಗ ನೀನೇ ಆಡ್ಬುಡು. ಜನ ಊಟದ ಕಡೆ ನೋಡ್ತಾವ್ರೆ, ಯಾರೂ ಕೇಳಕಿಲ್ಲ” ಅಂದ.

ಹಾಡಿದೆ. ನನ್ನ ಬಾಯಲ್ಲೇ ಒಲ್ಲೆ, ನನ್ನ ಬಾಯಲ್ಲೇ ಬಲ್ಲೆ. ಮೊದಲ ಚರಣ ಹೇಗೋ ಆಯಿತು. ಎರಡನೆಯದರಲ್ಲಿ ‘ಒಲ್ಲೆ’ ಅಂದವಳು ಅಲ್ಲೇ ಸುಮ್ಮನಾದೆ. ಧೈರ್ಯ ಅಂತ ಹೇಳಿಕೊಳ್ಳಲಾರೆ. ಉಸಿರು ಸಾಲಲಿಲ್ಲ, ಇನ್ನೊಂದು ಸಲ ಎಳೆದುಕೊಳ್ಳುವ ಮನಸ್ಸೂ ಬರಲಿಲ್ಲ. ಅವನ ಸಾಲು ಇರಬೇಕಾದ ಜಾಗದಲ್ಲಿ ಬರೀ ತಾಳ ಬಡಿಯಿತು.

ಹಾಡು ಮುಗಿದದ್ದೇ ವರನ ಸೋದರಮಾವ ನನ್ನ ಹತ್ತಿರ ಬಂದರು.

“ಏನಮ್ಮ, ಗಂಡಿನ ಸಾಲ್ನೇ ನುಂಗ್ಬುಟ್ಟಲ್ಲ? ಸುಬಕಾರ್ಯದಲ್ಲಿ ಒಲ್ಲೆ ಅನ್ನೋ ತಾವ ನಿಲ್ಸದಾ?”

ಮುಂದಿನ ಕುರ್ಚಿಯಲ್ಲಿ ಎಲೆಅಡಿಕೆ ಮೆಲ್ಲುತ್ತಿದ್ದ ಅವರ ತಾಯಿ ಬಾಯಿ ಹಾಕಿದರು.

“ಅವ್ಳು ಒಲ್ಲೆ ಅಂದ್‌ಮ್ಯಾಕೆ ಇನ್ನೇನ್ಲಾ ಅದೆ ಆಡಾಕೆ? ಸುಮ್ಕೆ ಓಗಿ ಊಟುಕ್ ಕುಂತ್ಕೊ, ಓಗು.”

ಸುತ್ತಲಿದ್ದ ಹೆಂಗಸರು ನಕ್ಕರು. ಸೋದರಮಾವ ಗೊಣಗಿಕೊಂಡು ಹೋದರು. ಅತ್ತ ಫೋಟೊಗೆ ನಕ್ಕೂ ನಕ್ಕೂ ಬಾಡಿದ್ದ ಮದುಮಗಳು ಒಮ್ಮೆ ನನ್ನತ್ತ ನೋಡಿದಳು. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಇನ್ನೊಂದು ಸಂಸಾರ ಉಡುಗೊರೆ ಹಿಡಿದು ಅವಳ ಮುಂದೆ ನಿಂತಿತ್ತು.

ವ್ಯಾನಿನಲ್ಲಿ ವಾಪಸಾಗುವಾಗ ಕೀಬೋರ್ಡಿನವನು, “ಇನ್‌ಮ್ಯಾಕೆ ಇಂಗ್ ಮಾಡ್ಬ್ಯಾಡ ಕಣಕ್ಕ, ಆಮೇಲೆ ಯಾರೂ ಕರೆಯಾಕಿಲ್ಲ” ಅಂದ. ಕೋಪದಿಂದಲ್ಲ, ಅವನೂ ದಣಿದಿದ್ದ.

ಈಗ ಅವನು ಗಂಡುದನಿಯನ್ನು ಫೋನಿನಲ್ಲಿ ತುಂಬಿಸಿಟ್ಟುಕೊಂಡಿದ್ದಾನೆ. ಅದಕ್ಕೆ ಶೀತವಾಗುವುದಿಲ್ಲ, ನನ್ನ ಉಸಿರಿಗಾಗಿ ಕಾಯುವುದೂ ಇಲ್ಲ. ನನ್ನ ಮಾತು ಮುಗಿಯುವ ಮೊದಲೇ ಅದು ‘ಬಲ್ಲೆ’ ಅಂತ ಎತ್ತಿಕೊಳ್ಳುತ್ತದೆ. ನಾನು ಒಂದು ಹೆಜ್ಜೆ ಹಿಂದೆ ಸರಿದು ನೀರು ಕುಡಿಯುತ್ತೇನೆ.

ಮೊನ್ನೆ ದುದ್ದದ ಮದುವೆಯೊಂದಕ್ಕೆ ಹೊರಟಾಗ ಮಗಳು ನನ್ನ ಸೆರಗಿಗೆ ಪಿನ್ನು ಚುಚ್ಚುತ್ತಾ, “ನನ್ ಮದ್ವೆಗೆ ಆರ್ಕೆಸ್ಟ್ರಾ ಬ್ಯಾಡ ಕಣವ್ವ. ಅವತ್ತೊಂದಿನ ನೀನು ಕುಂತ್ಕೊ” ಅಂದಳು.

ಆಗಲಿ ಅಂದೆ. ಬಸ್ಸಿಗೆ ಹೊತ್ತಾಗಿತ್ತು.