ಸೂರ್ಯನಿಗೊಂದು ತಾಡಪತ್ರಿ

ನಮ್ಮ ಮನೆಯ ಟೀವಿಗೆ ಮೊನ್ನೆ ಮೊನ್ನೆಯವರೆಗೂ ಒಂದು ಮುಸುಕಿತ್ತು. ವಾರ್ತೆ ಮುಗಿದೊಡನೆ ನಾನೇ ಎದ್ದು, ಮಲಗಿದ ಕೂಸಿಗೆ ಹೊದಿಸುವಷ್ಟು ಎಚ್ಚರದಿಂದ ಅದನ್ನು ಎಳೆದುಬಿಡುತ್ತಿದ್ದೆ. ಸ್ಕೂಟರಿಗೆ, ಮಿಕ್ಸರಿಗೆ, ಹೊಲಿಗೆ ಯಂತ್ರಕ್ಕೆ ಕೂಡ ಒಂದೊಂದು ಅಂಗಿ. 'ಇನ್ನ ನನಗೊಂದು ಹೊಲಿಸಿಬಿಟ್ರ ಆತ ನೋಡ್ರಿ' ಎಂದು ಹೆಂಡತಿ ಹಂಗಿಸುವುದುಂಟು. ಚಿಂತೆಯನ್ನೇ ಕಸುಬು ಮಾಡಿಕೊಂಡ ನನ್ನಂಥವನಿಗೆ ಧೂಳು ಶತ್ರುವಾದರೆ ಬಿಸಿಲು ಪರಮಶತ್ರು.

ಈ ವೈರ ಪಿತ್ರಾರ್ಜಿತ. ಮಸ್ಕಿಯಲ್ಲಿ ನಮ್ಮದು ಜವಳಿ ಅಂಗಡಿ. ಬಣ್ಣದ ಬಟ್ಟೆ ನಾಲ್ಕು ದಿನ ಬಿಸಿಲುಂಡರೆ ವಿಧವೆಯ ಮುಖದಂತೆ ಕಳೆಗುಂದುತ್ತದೆಂದು ಅಪ್ಪ ಹೇಳುತ್ತಿದ್ದ. ಆದ್ದರಿಂದ ಹೊತ್ತೇರುತ್ತಲೇ ಅಂಗಡಿಯ ಮುಂದೆ ಪರದೆ ಇಳಿಯಬೇಕು, ಇಳಿಹೊತ್ತಿಗೆ ಏರಬೇಕು ಎಂಬುದು ಅವನು ಹಾಕಿಕೊಟ್ಟ ನೇಮ. ಅಪ್ಪನ ನಂತರ ದುಡ್ಡಿನ ಗಲ್ಲೆ ಅಣ್ಣನ ಪಾಲಿಗೆ ಬಂತು, ಪರದೆ ನನ್ನ ಪಾಲಿಗೆ.

ತೊಂಬತ್ತರ ದಶಕದ ಆರಂಭದಲ್ಲಿ ಅಣ್ಣ ಅಂಗಡಿಯನ್ನು ಹೊಸದಾಗಿ ಕಟ್ಟಿಸಿದ. ಸಂಜೆಯಾದರೆ ಕರೆಂಟು ಹೋಗುವುದು, ಗ್ಯಾಸ್‌ಬತ್ತಿಯ ಮಬ್ಬಿನಲ್ಲಿ ಹಸಿರೆಂದು ಒಯ್ದ ಮದುವೆ ಸೀರೆ ಮನೆಯಲ್ಲಿ ನೀಲಿಯಾಗುವುದು, ಮರುದಿನ ಬೀಗರ ಸಮೇತ ಜಗಳ ಬರುವುದು ನಮಗೆ ನಿತ್ಯವಿಧಿಯಾಗಿತ್ತು. ಬೇಸತ್ತ ಅಣ್ಣ ಸಿಂಧನೂರಿನ ಮೆಕ್ಯಾನಿಕ್ ಒಬ್ಬನನ್ನು ಕರೆಸಿ, ಅಂಗಡಿಯ ಮುಂಭಾಗದ ಚಾವಣಿಗೆ ತಗಡಿನ ಬದಲು, ಹಗಲಿನ ಬಿಸಿಲನ್ನು ಬ್ಯಾಟರಿಗೆ ತುಂಬಿ ಸಂಜೆ ದೀಪ ಉರಿಸುವ ಸೋಲಾರ್ ಹಲಗೆಗಳನ್ನೇ ಕೂಡಿಸಿದ. ಪೇಟೆಯವರು ನಕ್ಕರು. 'ಲಗ್ನದ ತಿಥಿ ಬರಲಿ, ನನ್ನ ಅಂಗಡಿ ಬೆಳಕ ನೋಡಿ ಆಮ್ಯಾಲ ನಗ್ರೆಪ್ಪ' ಎಂದ ಅಣ್ಣ.

ಮೊದಲ ಕೆಲವು ಸಂಜೆ ಅಂಗಡಿ ಬೆಳಗಿತು. ನನ್ನ ನೆಮ್ಮದಿ ಆರಿತು. ಬಂಡೆಗಳೇ ಬಿರಿಯುವ ನಮ್ಮ ಸೀಮೆಯ ಬಿಸಿಲಿಗೆ ಈ ಗಾಜು ತಡೆದೀತೆ? ಎಳೆಬಿಸಿಲೇ ಅದಕ್ಕೆ ಪಥ್ಯ, ಉರಿಬಿಸಿಲು ಅಪಥ್ಯವೆಂದು ನನ್ನಷ್ಟಕ್ಕೇ ಶಾಸ್ತ್ರನಿರ್ಣಯ ಮಾಡಿ, ಅಣ್ಣ ಊಟ ನಿದ್ದೆಗೆಂದು ಮನೆಗೆ ಹೋಗಿ ಪೇಟೆಯೂ ತೂಕಡಿಸುತ್ತಲೇ, ಪರದೆ ಇಳಿಸಿದ ಕೈಯಿಂದಲೇ ಮೇಲೇರಿ ತಾಡಪತ್ರಿ ಹೊದಿಸುತ್ತಿದ್ದೆ. ಅವನು ಬರುವ ಮುಂಚೆ ಸುತ್ತಿ ಒಳಗಿಡುತ್ತಿದ್ದೆ. ಹೇಳಿದರೆ ನಕ್ಕಾನೆಂಬ ಅಂಜಿಕೆ. ನೀವೂ ನಗುತ್ತಿದ್ದೀರಿ, ಗೊತ್ತು.

ದೀಪಗಳು ಬರಬರುತ್ತ ಮಂಕಾಗಿ, ಗಿರಾಕಿ ಎರಡನೆಯ ಸೀರೆ ಬಿಚ್ಚಿಸುವಷ್ಟರಲ್ಲಿ ಆರತೊಡಗಿದವು. ಲಗ್ನದ ಜವಳಿಯವರಿಂದ ತುಂಬಿದ ಅಂಗಡಿಯ ಮುಂದೆ ಅಣ್ಣ ಮೆಕ್ಯಾನಿಕ್‌ನನ್ನು ನಿಲ್ಲಿಸಿಕೊಂಡ. ಅವನು ಹಲಗೆಗಳನ್ನೆಲ್ಲ ಮುಟ್ಟಿ ನೋಡಿ, 'ಇದರ ಮ್ಯಾಲ ನೆಳ್ಳ ಬೀಳತೈತೇನ್ರಿ, ಸಾವ್ಕಾರ್ರ?' ಎಂದು ಕೇಳಿದ.

'ಮಸ್ಕ್ಯಾಗ ನೆಳ್ಳೆಲ್ಲೈತೋ ಯಪ್ಪಾ? ಇದ್ದಿದ್ರ ಮದಲ ನಾವ ಹೋಗಿ ಕುಂದರ್ತಿದ್ವಿ.'

ಗಿರಾಕಿಗಳು ನಕ್ಕರು. ನನಗೆ ಮಾತ್ರ ಆ ಕ್ಷಣವೇ ಆ ನೆರಳು ನನ್ನ ತಾಡಪತ್ರಿಯದೆಂದು ತಿಳಿಯಿತು. ಆದರೂ ಗಜಕಡ್ಡಿ ಹಿಡಿದು ಅಳೆದ ಬಟ್ಟೆಯನ್ನೇ ಮತ್ತೆ ಅಳೆಯುತ್ತ ನಿಂತೆ. 'ಸುಳ್ಳ ಸಾಮಾನ ಹಚ್ಚಿ ಮಂದ್ಯಾಗ ನನ್ನ ಮಾನ ಕಳದಿ. ಕಿತಗೊಂಡು ನಡಿ' ಎಂದ ಅಣ್ಣ. ಆ ಮನುಷ್ಯ ಒಂದೊಂದೇ ಹಲಗೆ ಬಿಚ್ಚಿ ಟೆಂಪೋಕ್ಕೆ ಹೇರಿದ. ಅಲ್ಲಿಗೆ ತಗಡು ಬಂತು.

ಕಳೆದ ತಿಂಗಳು ಅಂಗಡಿಯ ಕಾಗದಪತ್ರಕ್ಕಾಗಿ ಸರಕಾರಿ ಕಚೇರಿಗೆಂದು ಲಿಂಗಸುಗೂರಿಗೆ ಹೋಗಿದ್ದೆ. ಅಲ್ಲೊಂದು ಲಾಡ್ಜಿನ ಮೇಲೆ ಅಂಥವೇ ಹಲಗೆಗಳು ಮಟಮಟ ಮಧ್ಯಾಹ್ನದ ಬಿಸಿಲನ್ನು ಬರಿಮೈಯಲ್ಲಿ ಕುಡಿಯುತ್ತ ಮಲಗಿದ್ದವು. ಊರಿಗೆ ಬಂದವನೇ, ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಅಣ್ಣನೆದುರು ಬಿಚ್ಚಿದೆ.

ಅಣ್ಣ ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಗಲ್ಲೆಯ ಮೇಲಿಟ್ಟ. 'ಆವತ್ತ ಹೇಳಿದ್ರ ನಿನಗ ನಾಕ ಮಾತ ಬೈತಿದ್ನೆಲೇ. ನೀ ಮನಿ ಮಗ, ಬೈಸಿಗೊಂಡು ಉಂಡು ಮಲಗತಿದ್ದಿ.' ಆಮೇಲೆ ಕೇಳಿದ: 'ಆ ಮನಿಷ್ಯಾನ ಹೆಸರಾರ ನೆನಪೈತೇನು?'

ನನಗೆ ನೆನಪಿರಲಿಲ್ಲ. ಮರುದಿನ ಇಬ್ಬರೂ ಸಿಂಧನೂರಿನ ಬಸ್ಸು ಹತ್ತಿದೆವು. ಅವನ ಅಂಗಡಿಯಿದ್ದ ಜಾಗದಲ್ಲೀಗ ಸೈಕಲ್ ರಿಪೇರಿ. 'ಮಸ್ಕ್ಯಾಗ ಏನೋ ಆತಂತ್ರಿ, ಆಮ್ಯಾಲ ಅವನ ಕೈಲೆ ಯಾರೂ ಮಾಡಿಸಲಿಲ್ಲ. ಅಂಗಡಿ ಮುಚ್ಚಿ ಎತ್ತ ಹೋದ್ನೋ' ಎಂದ ಸೈಕಲ್ಲಿನವ. ಮರಳುವಾಗ ಅಣ್ಣ ಕಿಟಕಿಯಾಚೆ ನೋಡುತ್ತ ಕುಳಿತ. ಬಿಸಿಲು ಮುಖಕ್ಕೆ ಬಡಿಯುತ್ತಿದ್ದರೂ ಬಸ್ಸಿನ ಪರದೆ ಎಳೆಯಲು ನನ್ನ ಕೈ ಏಳಲಿಲ್ಲ.

ಈಗ ಟೀವಿಗೆ ಮುಸುಕಿಲ್ಲ. 'ಯಾಕ್ರಿ, ಅದಕ್ಕ ಸೆಕಿ ಆಗಾಕತ್ತಿತ್ತೇನು?' ಎನ್ನುತ್ತಾಳೆ ಹೆಂಡತಿ. ದಿನಾ ಮುಂಜಾನೆ ಧೂಳು ಒರೆಸುತ್ತೇನೆ. ಒರೆಸಿದ ಕಪ್ಪು ಗಾಜಿನಲ್ಲಿ, ಗಜಕಡ್ಡಿ ಹಿಡಿದು ಸುಮ್ಮನೆ ನಿಂತ ಒಬ್ಬ ಗೃಹಸ್ಥ ಕಾಣುತ್ತಾನೆ.